ಹಿಂಜುವ ಬಿಲ್ಲು, ಕಲಘಟಗಿ ತೊಟ್ಟಿಲು, ಬದುವಿನ ಜಾಲಿ

ಸಂಘದ ರಜತ ಮಹೋತ್ಸವದ ಈ ಸಂಚಿಕೆಯಲ್ಲಿ ಶೇರು, ಠೇವು, ಬೆಳೆಸಾಲ, ಗೊಬ್ಬರಗಳ ಲೆಕ್ಕ ಬೇರೆ ಪುಟಗಳಲ್ಲಿ ವಿವರವಾಗಿ ಬಂದಿದೆ. ಆ ಲೆಕ್ಕದೊಳಗೆ ಎಂದೂ ಸೇರದ ಒಂದು ಬಂಡವಾಳ ನಮ್ಮ ಧಾರವಾಡ-ಗದಗ ಸೀಮೆಯ ಹಳ್ಳಿಗಳಲ್ಲಿ ಇತ್ತು. ಅದು ಮರದ ಗುಣ ಬಲ್ಲ ಕೈಗಳು. ಬಡಿಗೇರರ ಬಾಚಿ ಇಲ್ಲದೆ ಬಿತ್ತಿಗೆ ಇಲ್ಲ, ಪಿಂಜಾರರ ಬಿಲ್ಲು ಇಲ್ಲದೆ ಮಲಗಲು ಗಾದಿ ಇಲ್ಲ ಎನ್ನುವ ಕಾಲ ಅದು. ಅದರ ಚರಿತ್ರೆಯನ್ನು ತಿಳಿದಷ್ಟು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ.

ಬಿಲ್ಲು ಎಂದೊಡನೆ ನಮಗೆ ರಾಮ, ಅರ್ಜುನರ ನೆನಪು. ಊರ ಹೊರಗಿನ ವೀರಗಲ್ಲುಗಳಲ್ಲೂ ಬಿಲ್ಲು ಹಿಡಿದ ವೀರರನ್ನು ಕಾಣುತ್ತೇವೆ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯ್ದೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಅದಕ್ಕೆ ತಲೆಬಾಗದೆ ಬಂಡೆದ್ದರು. ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೇರಿಸಿದರು. ಆ ಕಥೆ ಎಲ್ಲರಿಗೂ ಗೊತ್ತು. ಆದರೆ ಕಾದಾಡುವ ಬಿಲ್ಲು ಮೂಲೆಗೆ ಸೇರಿದ ಮೇಲೂ ದುಡಿಯುವ ಬಿಲ್ಲು ನಮ್ಮ ಊರುಗಳಲ್ಲಿ ಉಳಿಯಿತು. ಅದರ ಬಗ್ಗೆ ಯಾರೂ ಬರೆದಿಡುವ ಗೋಜಿಗೆ ಹೋಗಲಿಲ್ಲ.

ಮೊದಲನೆಯದು ಪಿಂಜಾರರ ಬಿಲ್ಲು. ನಾಲ್ಕೈದು ಅಡಿ ಉದ್ದದ ಗಟ್ಟಿಮರದ ದಂಡ, ಒಂದು ತುದಿಗೆ ಅಗಲವಾದ ಹಲಗೆ, ಇನ್ನೊಂದು ತುದಿಗೆ ಬಾಗಿದ ಮೂತಿ. ಎರಡಕ್ಕೂ ಸೇರಿಸಿ ಆಡು-ಕುರಿಯ ಕರುಳಿನಿಂದ ಹೊಸೆದ ಹುರಿಯನ್ನು ಬಿಗಿಯುತ್ತಿದ್ದರು. ಇಷ್ಟು ಭಾರದ ಸಾಮಾನನ್ನು ದಿನವಿಡೀ ಕೈಯಲ್ಲಿ ಹಿಡಿಯುವುದು ಆಗದ ಮಾತು. ಅದಕ್ಕೇ ತೊಲೆಗೆ ಒಂದು ಸಣ್ಣ ಬಿದಿರಿನ ಬಿಲ್ಲು ಕಟ್ಟಿ, ಅದರಿಂದ ದೊಡ್ಡ ಬಿಲ್ಲನ್ನು ತೂಕ ನೋಡಿ ಇಳಿಬಿಡುತ್ತಿದ್ದರು. ಎರಡೂ ಕಡೆ ದಪ್ಪ, ನಡುವೆ ಹಿಡಿ ಇರುವ ಮರದ ಗುಂಡಿನಿಂದ ಹುರಿಯನ್ನು ಮೀಟಿದರೆ ಟಂಯ್ ಟಂಯ್ ಅಂತ ಓಣಿ ತುಂಬ ಕೇಳುತ್ತಿತ್ತು. ಹುರಿಯ ನಡುಕಕ್ಕೆ ಹತ್ತಿಯ ಎಳೆ ಎಳೆ ಬಿಡಿಸಿಕೊಂಡು ನೊರೆಯಂತೆ ಉಬ್ಬುವುದು, ಕಸ ಕೆಳಗೆ ಉದುರುವುದು. ಅದನ್ನೇ ಹಂಜಿ ಸುತ್ತಿ ಮನೆಯ ಹೆಣ್ಣುಮಕ್ಕಳು ರಾಟಿಯ ಮೇಲೆ ನೂಲುತ್ತಿದ್ದರು.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬಾರದಾದಾಗ ನಮ್ಮ ಎರೆಹೊಲದ ಹತ್ತಿಗೆ ಚಿನ್ನದ ಬೆಲೆ ಬಂತು. ರೈತರಿಗೆ ಅದು ಸುಗ್ಗಿ. ಆದರೆ ಹತ್ತಿ ಅಂಡಿಗೆಯಾಗಿ ಹಡಗು ಹತ್ತಿತು, ಗಿರಣಿ ನೂಲಾಗಿ ತಿರುಗಿ ಬಂತು. ನಡುವೆ ಇದ್ದ ಬಿಲ್ಲಿಗೆ ಕೆಲಸ ಕಡಿಮೆಯಾಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ 1924ರ ಬೆಳಗಾವಿ ಕಾಂಗ್ರೆಸ್ಸಿನ ಹೊತ್ತಿಗೆ ಖಾದಿಯ ಗಾಳಿ ಬೀಸಿ, ಹಂಜಿ ಬೇಕು ಅನ್ನುವವರು ಮತ್ತೆ ಹುಟ್ಟಿಕೊಂಡರು. ಗಾದಿ, ದಿಂಬಿನ ಕೆಲಸವನ್ನು ಮಾತ್ರ ಹಿಂಜುವ ಯಂತ್ರ ಬರುವವರೆಗೂ ಬಿಲ್ಲೇ ಮಾಡಿತು.

ಎರಡನೆಯ ಬಿಲ್ಲು ಬಡಿಗೇರರ ಕೈಯಲ್ಲಿತ್ತು. ಮೊಳದುದ್ದದ ಬಿಲ್ಲಿನ ಹುರಿಯನ್ನು ಬೈರಿಗೆಯ ದಂಡಕ್ಕೆ ಒಂದು ಸುತ್ತು ಹಾಕಿ, ತಲೆಯ ಮೇಲೆ ತೆಂಗಿನ ಚಿಪ್ಪು ಇಟ್ಟು ಎಡಗೈಯಿಂದ ಒತ್ತಿ, ಬಲಗೈಯಿಂದ ಬಿಲ್ಲನ್ನು ಹಿಂದೆ ಮುಂದೆ ಎಳೆದರೆ ಎಂಥ ಗಟ್ಟಿ ಮರಕ್ಕೂ ತೂತು ಬೀಳುತ್ತಿತ್ತು. ಮಂಚದ ಕಾಲು, ತೊಟ್ಟಿಲ ಗುಬ್ಬಿ ಕಡೆಯುವ ಕಡಸಲು ಕೂಡ ಇದೇ ಉಪಾಯದ್ದು. ಎರಡು ಮೊಳೆಗಳ ನಡುವೆ ಮರ ಸಿಕ್ಕಿಸಿ, ಹುರಿ ಸುತ್ತಿ, ಒಬ್ಬರು ಎಳೆಯುವುದು, ಒಬ್ಬರು ಉಳಿ ಹಿಡಿಯುವುದು. ಮರ ಉಳಿಯ ಕಡೆಗೆ ತಿರುಗುವಾಗಷ್ಟೇ ಉಳಿ ತಾಗಿಸಬೇಕು. ಆ ಲಯ ತಪ್ಪಿದರೆ ಕೆಲಸ ಕೆಡುತ್ತಿತ್ತು. ಎಳೆಯುವ ಕೆಲಸ ಸಾಮಾನ್ಯವಾಗಿ ಮನೆಯ ಹುಡುಗರದು. ವಿದ್ಯೆ ಅಲ್ಲಿಂದಲೇ ಶುರು.

ಬಿಲ್ಲು ಮಾಡಬಲ್ಲವರೇ ಒಳ್ಳೆಯ ಮಂಚ ಮಾಡಬಲ್ಲರು ಎಂದು ನಮಗೆ ಅನಿಸುವುದು ಸುಮ್ಮನೆ ಅಲ್ಲ. ಬಿದಿರಿನ ಬಿಲ್ಲಿನಲ್ಲಿ ಸಿಪ್ಪೆಯ ಕಡೆ ಹೊರಗಿರಬೇಕು. ನಾರು ಅಲ್ಲೇ ದಟ್ಟವಾಗಿರುವುದರಿಂದ ಬಗ್ಗಿಸಿದಾಗ ಬೀಳುವ ಎಳೆತವನ್ನು ಅದೇ ತಡೆಯುವುದು. ಮಾಳಿಗೆಮನೆಯ ತೊಲೆಯ ಲೆಕ್ಕವೂ ಅದೇ. ಮೇಲೆ ಮಣ್ಣಿನ ಭಾರ ಬಿದ್ದಾಗ ತೊಲೆಯ ಕೆಳಮೈ ಎಳೆತಕ್ಕೆ ಸಿಗುತ್ತದೆ. ಆದ್ದರಿಂದ ಗಂಟು ಇರುವ ಮೈ ಮೇಲಕ್ಕೆ, ನಿರ್ಮಲವಾದ ಮೈ ಕೆಳಕ್ಕೆ. ಮಂಚದ ಕಾಲಿಗೆ ಸ್ವಲ್ಪ ಹಸಿ ಇರುವ ಮರ, ಅದರ ತೂತಿನಲ್ಲಿ ಕೂಡುವ ಅಡ್ಡಪಟ್ಟಿಗೆ ಚೆನ್ನಾಗಿ ಒಣಗಿದ ಮರ. ಕಾಲು ಒಣಗುತ್ತ ಕುಗ್ಗಿ ಪಟ್ಟಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಮೊಳೆಯ ಹಂಗಿಲ್ಲ. ಇಂಜಿನಿಯರ್ ಕಾಲೇಜಿನಲ್ಲಿ ಕಲಿಸುವುದನ್ನು ಇವರು ಬೆರಳ ತುದಿಯಲ್ಲಿ ಬಲ್ಲವರಾಗಿದ್ದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಾವು ಹುಡುಗರಿಗೆ ಬುದ್ಧಿ ಹೇಳುತ್ತೇವಲ್ಲ, ಬಡಿಗ್ಯಾರ ಮುಂದ ಆ ಗಾದಿ ನಡೆಯೂದಿಲ್ಲ. ಹಸಿ ಮರವನ್ನು ಕಾಯಿಸಿ, ಹಗ್ಗ ಬಿಗಿದು, ಬೇಕಾದಷ್ಟು ಬಗ್ಗಿಸುವುದು ಅವರಿಗೆ ಗೊತ್ತಿತ್ತು.

ಮರ ಎಲ್ಲಿಂದ ಬರುತ್ತಿತ್ತು? ಬಹುಪಾಲು ನಮ್ಮದೇ ಹೊಲದ ಬದುವಿನಿಂದ, ಹಳ್ಳದ ದಂಡೆಯಿಂದ. ಎರೆಸೀಮೆಯ ರಾಜ ಕರಿಜಾಲಿ. ಇಂದು ಎಲ್ಲೆಡೆ ಹಬ್ಬಿರುವ ಬಳ್ಳಾರಿ ಜಾಲಿ ಹೊರದೇಶದಿಂದ ಬಂದದ್ದು, ಅದು ಬೇರೆ. ಕರಿಜಾಲಿಯ ಕಾಯಿ ಆಡಿಗೆ ಮೇವು, ತೊಗಟೆ ಚರ್ಮ ಹದ ಮಾಡಲು, ಕಡ್ಡಿ ಹಲ್ಲಿಗೆ, ಕೆಂಪು ತಿರುಳು ಚಕ್ಕಡಿಯ ಗಾಲಿಗೆ, ರಂಟಿಗೆ, ಕೂರಿಗೆಗೆ. ಕಡಿದ ಕೂಡಲೇ ಬಳಸಿದರೆ ಹುಳ ಹಿಡಿಯುತ್ತದೆಂದು ದಿಮ್ಮಿಯನ್ನು ತಿಂಗಳುಗಟ್ಟಲೆ ಕೆರೆಯ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ನೆರಳಿನಲ್ಲಿ ಒಣಗಿಸುತ್ತಿದ್ದರು. ಬೇವು ಪೆಟ್ಟಿಗೆಗೆ, ಬಾಗಿಲಿಗೆ. ಹುಣಸೆಯ ತಿರುಳು ಕೊಡತಿಗೆ, ಗಾಣಕ್ಕೆ. ಸಾಗವಾನಿ ಮಾತ್ರ ಪಡುವಣ ಕಲಘಟಗಿ, ಹಳಿಯಾಳದ ಕಾಡಿನಿಂದ ಬರಬೇಕು.

ಆ ಸಾಗವಾನಿಯ ಹೆಸರುವಾಸಿ ಸಾಮಾನು ಕಲಘಟಗಿ ತೊಟ್ಟಿಲು. ನಮ್ಮ ಕಡೆ ಹೆಸರಿಡುವ ಶಾಸ್ತ್ರಕ್ಕೆ ಅದು ಬಂದರೆ ಮನೆತನದ ಮಾನ ಹೆಚ್ಚಿದಂತೆ. ತೊಟ್ಟಿಲಿನ ಹಲಗೆಗಳ ಮೇಲೆ ಚಿತ್ರಗಾರರು ಅರಗಿನ ಬಣ್ಣದಲ್ಲಿ ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗ ಬರೆಯುತ್ತಾರೆ. ಶರಣರ ಮನೆತನದವರು ಕೇಳಿದರೆ ಬಸವಣ್ಣ, ಮುಸಲ್ಮಾನ ಬಾಂಧವರು ಕೇಳಿದರೆ ಬರಿ ಹೂ-ಬಳ್ಳಿ. ಕಡಸಲಿನ ಮೇಲೆ ತಿರುಗುವ ಕಾಲಿಗೆ, ಗುಬ್ಬಿಗೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅದು ಕರಗಿ ಹತ್ತುತ್ತದೆ. ಆಮೇಲೆ ಕೇದಗೆ ಗರಿಯಿಂದ ತಿಕ್ಕಿ ಹೊಳಪು ಕೊಡುವುದು. ಒಂದು ತೊಟ್ಟಿಲಿನಲ್ಲಿ ಅಜ್ಜ, ಮಗ, ಮೊಮ್ಮಗ ಮೂವರೂ ಆಡಿದ ಮನೆಗಳು ಇವೆ. ಈಗ ಈ ಕೆಲಸ ಬಲ್ಲ ಮನೆಗಳು ಬೆರಳೆಣಿಕೆಗೆ ಬಂದಿವೆ.

ಇದು ಕುಸಿದದ್ದು ಒಂದೇ ದಿನದಲ್ಲಲ್ಲ. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಒಳ್ಳೆಯ ಕಾಡು ಸರಕಾರದ ಕಾಯ್ದಿಟ್ಟ ಕಾಡಾಯಿತು, ಸಾಗವಾನಿ ಹರಾಜಿನ ಮಾಲಾಯಿತು. 1927ರಲ್ಲಿ ಅದನ್ನೇ ಇನ್ನಷ್ಟು ಬಿಗಿ ಮಾಡಿದರು. 1930ರ ಕಾಯ್ದೆಭಂಗ ಚಳವಳಿಯಲ್ಲಿ ಜನ ಜಂಗಲ್ ಕಾಯ್ದೆ ಮುರಿದು ಜೈಲು ಸೇರಿದ್ದು ಈ ಸಂಕಟದಿಂದಲೇ. ಕಾಡು ಉಳಿಯಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ರೈಲಿನ ಹಳಿಗೆ ದಿಮ್ಮಿ ಸಿಕ್ಕಷ್ಟು ಸುಲಭವಾಗಿ ಬಡಿಗೇರರಿಗೆ ಒಂದು ತುಂಡು ಸಿಗಲಿಲ್ಲ ಎಂಬುದೂ ಸತ್ಯ. ಇತ್ತ ಬೆಳಗಾವಿಯ ಲಕ್ಷ್ಮಣರಾವ್ ಕಿರ್ಲೋಸ್ಕರರು 1903ರ ಸುಮಾರಿಗೆ ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ತಾಗಿದರೆ ಭೂಮಿ ಕೆಡುತ್ತದೆ ಅಂತ ಮೊದಮೊದಲು ಹೆದರಿದ ರೈತರು ಕ್ರಮೇಣ ಒಪ್ಪಿಕೊಂಡರು. ಒಪ್ಪಿದ್ದು ತಪ್ಪೇನೂ ಅಲ್ಲ, ಎತ್ತಿಗೂ ಆಳಿಗೂ ಅನುಕೂಲವಾಯಿತು. ಆದರೆ ರಂಟಿ ಹೋದ ಮೇಲೆ ರಾಶಿಯ ಕಣದಲ್ಲಿ ಬಡಿಗೇರರಿಗೆ ಕೊಡುತ್ತಿದ್ದ ಆಯವೂ ಹೋಯಿತು. ಟೈರಿನ ಚಕ್ಕಡಿ, ಟ್ರ್ಯಾಕ್ಟರ್, ಕಬ್ಬಿಣದ ಮಂಚ, ಪ್ಲಾಸ್ಟಿಕ್ ಕುರ್ಚಿ ಆಮೇಲಿನ ಮಾತು.

ಇಲ್ಲಿ ಸಹಕಾರಿಗಳಾದ ನಾವು ನೋಡಬೇಕಾದ ಒಂದು ಸಂಗತಿ ಇದೆ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಂಘ ಕಟ್ಟಿದರೆಂದು ನಾವು ಎದೆಯುಬ್ಬಿಸಿ ಹೇಳುತ್ತೇವೆ, ಹೇಳಲೇಬೇಕು. ಅದಕ್ಕೆ ಆಧಾರವಾದ 1904ರ ಕಾಯ್ದೆಯಲ್ಲಿ ಹಳ್ಳಿಯ ಸಂಘದ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಜನ ಒಕ್ಕಲಿಗರೇ ಇರಬೇಕೆಂದು ಇತ್ತು. ಬಡಿಗೇರರು, ಪಿಂಜಾರರು ಉಳಿದ ಒಂದು ಪಾಲಿನಲ್ಲಿ. ಉತ್ಪಾದನೆ, ಮಾರಾಟದ ಸಂಘಗಳಿಗೆ ದಾರಿ ಆದದ್ದು 1912ರ ಕಾಯ್ದೆಯಿಂದ. ಕಾಯ್ದೆ ಬದಲಾದರೂ ರೂಢಿ ಬದಲಾಗಲಿಲ್ಲ. ಉತಾರ ಇದ್ದವರಿಗೆ ಸಾಲ ಸಲೀಸು. ಉತಾರದಲ್ಲಿ ಬಾಚಿ, ಗರಗಸ, ಬೈರಿಗೆಗೆ ಕಾಲಂ ಇಲ್ಲ. ಕೂರಿಗೆ ಮಾಡಿಸಿಕೊಂಡ ರೈತರಿಗೆ ಬೀಜಕ್ಕೆ ಸಾಲ ಸಿಕ್ಕಿತು, ಕೂರಿಗೆ ಮಾಡಿದವರು ಒಂದು ದಿಮ್ಮಿ ಕೊಳ್ಳಲು ಸಾಹುಕಾರರ ಕಟ್ಟೆ ಹತ್ತಬೇಕಾಯಿತು.

2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸಬುಗಳಲ್ಲಿ ಬಡಗಿತನ ಸೇರಿದೆ. ಹೊಲ-ಮನೆ ಒತ್ತೆ ಇಡದೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ರೂಪಾಯಿ ಸಾಲ, ಶೇಕಡಾ 5 ಬಡ್ಡಿ, ಸಲಕರಣೆಗೆ 15,000 ರೂಪಾಯಿ. ಹತ್ತಿ ಹಿಂಜುವ ಕಸಬು ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಅವರ ಪಾಲಿಗೆ ಊರಿನ ಸಂಘವೇ ಗತಿ. ಉತಾರವಿಲ್ಲದ ಕಸುಬುದಾರರಿಗೆ ಕಸುಬಿನ ಮೇಲೆಯೇ ಸಾಲ ಕೊಡುವ ವಿಷಯ ಮುಂದಿನ ವಾರ್ಷಿಕ ಸಭೆಯ ಅಜೆಂಡಾದಲ್ಲಿ ಬರಲಿ ಎಂದು ಆಡಳಿತ ಮಂಡಳಿಯನ್ನು ಈ ಮೂಲಕ ಕೇಳಿಕೊಳ್ಳುತ್ತೇವೆ.

ಇನ್ನೊಂದು ಕೋರಿಕೆ ಸದಸ್ಯರಿಗೆ. ನಿಮ್ಮ ಅಟ್ಟದ ಮೇಲೆ ಹಳೆಯ ಹಿಂಜುವ ಬಿಲ್ಲು, ಬೈರಿಗೆಯ ಬಿಲ್ಲು, ಕಡಸಲಿನ ಮೊಳೆ ಇದ್ದರೆ ಒಲೆಗೆ ಹಾಕಬೇಡಿರಿ, ಗುಜರಿಗೂ ಕೊಡಬೇಡಿರಿ. ಒಮ್ಮೆ ಕಚೇರಿಗೆ ತಂದು ತೋರಿಸಿರಿ. ಉದ್ದ, ಅಗಲ, ಯಾವ ಮರ, ಯಾರ ಕೈಯದು ಎಂದು ಬರೆದಿಟ್ಟುಕೊಂಡು, ಸಾಮಾನನ್ನು ನಿಮಗೇ ಮರಳಿ ಕೊಡುತ್ತೇವೆ. ಊರ ಹಿರಿಯ ಬಡಿಗೇರರು ಅಂದು ಕಚೇರಿಯಲ್ಲಿ ಕೂತು ಹುರಿ ಬಿಗಿದು ತೋರಿಸಲು ಒಪ್ಪಿದ್ದಾರೆ.