ಶಿಗ್ಲಿಯ ಮೇಲೆ ಹಾದ ನೆರಳು

1980ರ ಫೆಬ್ರವರಿ 16, ಶನಿವಾರ. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಶಿಗ್ಲಿಯಲ್ಲಿ ಕತ್ತಲಾಯಿತು. ಅಂಕೋಲೆಯ ಕಡಲಿನಿಂದ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋದ ಚಂದ್ರನ ನೆರಳಿನ ಪಟ್ಟಿಯಲ್ಲಿ, ಅದೂ ಹೆಚ್ಚುಕಡಿಮೆ ನಟ್ಟನಡುವೆ, ಈ ಮಗ್ಗಗಳ ಊರಿತ್ತು. ಆಗಿದು ಧಾರವಾಡ ಜಿಲ್ಲೆಯ ಶಿರಹಟ್ಟಿ ತಾಲೂಕು. ನಾವು ತೊಟ್ಟಿಲಲ್ಲಿದ್ದೆವು. ಮನೆಯವರೆಲ್ಲ ಕಿಟಕಿಯ ಸಂದಿಗೂ ಚಾದರ ತುರುಕಿ ಕುಳಿತಿದ್ದರಂತೆ. ಪ್ರವಾದಿಯವರ ಪುತ್ರ ಇಬ್ರಾಹೀಮ್ ತೀರಿಕೊಂಡ ದಿನ ಗ್ರಹಣ ಹಿಡಿದಾಗ, ಅದಕ್ಕೂ ಯಾರದೇ ಸಾವು-ಹುಟ್ಟಿಗೂ ಸಂಬಂಧವಿಲ್ಲವೆಂದು ಅವರು ತಿಳಿಹೇಳಿದ್ದನ್ನು ಬಲ್ಲ ಮನೆ ನಮ್ಮದು. ಆದರೂ ಕದ ತೆರೆಯಲಿಲ್ಲ. ಕಣ್ಣಿಗೆ ಅಪಾಯವೆಂಬುದು ಸುಳ್ಳಲ್ಲ. ಆದರೆ ಸೂರ್ಯ ಪೂರ್ತಿ ಮುಚ್ಚಿದ ಆ ಎರಡು ಚಿಲ್ಲರೆ ನಿಮಿಷ ಬರಿಗಣ್ಣಲ್ಲೇ ನೋಡಬಹುದಿತ್ತು.

ಅದೇ ನೆರಳನ್ನು ಹುಡುಕಿಕೊಂಡು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ದುರ್ಬೀನು, ರೋಹಿತದರ್ಶಕಗಳನ್ನು ಹೊತ್ತು ನಮ್ಮ ಸೀಮೆಗೆ ಬಂದಿದ್ದರು. ಹೀಗೆ ಬಂದವರಲ್ಲಿ ಅವರೇ ಮೊದಲಿಗರಲ್ಲ. 1868ರ ಆಗಸ್ಟ್ 18ರ ಗ್ರಹಣಕ್ಕೆ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ಬಿಡಾರ ಹೂಡಿದ್ದರು. ಮೋಡಗಳ ನಡುವೆ ಅವರಿಗೆ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಹೊಳೆವ ಗೆರೆಗಳು ಕಂಡವು. ಅಂದರೆ ಆ ಜ್ವಾಲೆಗಳು ಕಾದ ಅನಿಲ. ಅವುಗಳಲ್ಲೊಂದನ್ನು ಅವರು ಸೋಡಿಯಂನದೆಂದು ತಿಳಿದರು. ಅದು ಹೀಲಿಯಂ ಎಂಬುದು ಆಮೇಲಿನ ಮಾತು.

ಮರುವರ್ಷ ಅಮೆರಿಕದ ಗ್ರಹಣದಲ್ಲಿ, ಸೂರ್ಯನ ಸುತ್ತಲಿನ ಬಿಳಿಯ ಪ್ರಭೆಯಾದ ಕರೋನಾದಿಂದ ಬಂದ ಒಂದು ಹಸಿರು ಗೆರೆ ಸಿಕ್ಕಿತು. ಭೂಮಿಯ ಯಾವ ವಸ್ತುವಿಗೂ ಅದು ತಾಳೆಯಾಗಲಿಲ್ಲ. ಹೊಸ ಧಾತುವೆಂದು ಬಗೆದು ‘ಕರೋನಿಯಂ’ ಎಂಬ ಹೆಸರನ್ನೂ ಇಟ್ಟರು. ಇಲ್ಲದ ಕೂಸಿಗೆ ನಾಮಕರಣ! ಏಳು ದಶಕ ಕಳೆದ ಮೇಲೆ ಜರ್ಮನಿಯ ಗ್ರೋಟ್ರಿಯಾನ್, ಸ್ವೀಡನ್ನಿನ ಎಡ್ಲೆನ್ ಗಂಟು ಬಿಡಿಸಿದರು. ಅದು ನಮ್ಮ ನೇಗಿಲ ಕುಳದ ಕಬ್ಬಿಣವೇ. ಆದರೆ ತನ್ನ 26 ಎಲೆಕ್ಟ್ರಾನುಗಳಲ್ಲಿ 13ನ್ನು ಕಳೆದುಕೊಂಡ ಕಬ್ಬಿಣ.

ಅಷ್ಟನ್ನು ಕಿತ್ತವರು ಯಾರು? ಬಿಡಿಯಾಗಿ ಓಡಾಡುವ ಬೇರೆ ಎಲೆಕ್ಟ್ರಾನುಗಳು. ಅವು ಡಿಕ್ಕಿ ಹೊಡೆದು ಹೊಡೆದು ಒಂದೊಂದಾಗಿ ಕೆಡವಿದವು. ಅಷ್ಟು ಬಿರುಸಿನ ಡಿಕ್ಕಿಗೆ ಹತ್ತು ಲಕ್ಷ ಡಿಗ್ರಿಗೂ ಮೀರಿದ ಶಾಖ ಬೇಕು. ಸೂರ್ಯನ ಮೈಯೇ ಸುಮಾರು 5,500 ಡಿಗ್ರಿ. ಹೊರಗಿನ ಪ್ರಭೆ ಅದಕ್ಕಿಂತ ನೂರಾರು ಪಟ್ಟು ಬಿಸಿ ಏಕೆಂಬುದರ ಬಗ್ಗೆ ಇಂದಿಗೂ ಒಮ್ಮತವಿಲ್ಲ.

ಇನ್ನೊಂದು ಸೋಜಿಗವಿದೆ. ಡಿಕ್ಕಿ ತಿಂದು ಕೆರಳಿದ ಪರಮಾಣು ಸಾಮಾನ್ಯವಾಗಿ ಸೆಕೆಂಡಿನ ಹತ್ತು ಕೋಟಿಯ ಒಂದು ಭಾಗದಷ್ಟರಲ್ಲಿ ಬೆಳಕನ್ನು ಉಗುಳುತ್ತದೆ. ಈ ಹಸಿರು ಬೆಳಕಿಗೆ ಸೆಕೆಂಡಿನ ಅರವತ್ತನೆಯ ಒಂದು ಭಾಗ ಕಾಯಬೇಕು. ಪರಮಾಣುವಿಗೆ ಅದೊಂದು ಯುಗ. ಲಕ್ಷ್ಮೇಶ್ವರದ ಸಂತೆಯ ನೂಕುನುಗ್ಗಲಲ್ಲಿ ಕೈಯ ಕಾಸು ಉಳಿದೀತೆ? ಬಯಲ ಹಾದಿಯಲ್ಲಾದರೆ ಉಳಿದೀತು. ನಮ್ಮ ಗಾಳಿಯಂಥ ದಟ್ಟಣೆಯಲ್ಲಿ ಮುಂದಿನ ಡಿಕ್ಕಿ ಆ ಶಕ್ತಿಯನ್ನು ಕಸಿದುಬಿಡುತ್ತದೆ. ಕರೋನಾ ಅದಕ್ಕಿಂತ ಸಾವಿರಾರು ಕೋಟಿ ಪಟ್ಟು ತೆಳು. ಅಲ್ಲಿ ಕಾಯಲು ಬಿಡುವಿದೆ. ಡಿಕ್ಕಿಯಿಂದ ಹುಟ್ಟಿ, ಡಿಕ್ಕಿಯ ವಿರಳತೆಯಿಂದ ಉಳಿದ ಬೆಳಕು ಅದು.

1980ರ ಗ್ರಹಣದಲ್ಲಿ ಹಿಡಿದದ್ದು ಇದರ ಸೋದರ ಗೆರೆ: ಒಂಬತ್ತು ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣದ ಕೆಂಪು. ಗೆರೆ ಎಷ್ಟು ಅಗಲವೋ ಕಣಗಳ ಓಟ ಅಷ್ಟು ಜೋರು. ಆ ಅಳತೆಯನ್ನು ಜಗದೇವ್ ಸಿಂಗ್, ವೈನು ಬಪ್ಪು ಮತ್ತು ಎ.ಕೆ. ಸಕ್ಸೇನಾ 1982ರಲ್ಲಿ ಪ್ರಕಟಿಸಿದರು. ಗ್ರಹಣಗಳ ಬೆನ್ನು ಹತ್ತಿದ ಇದೇ ಸಿಂಗ್ ಮುಂದೆ ಬಾಹ್ಯಾಕಾಶದಲ್ಲೇ ಕರೋನಾ ನೋಡುವ ಉಪಕರಣದ ಪ್ರಸ್ತಾಪ ಇಟ್ಟರು. ಹೊಸಕೋಟೆಯಲ್ಲಿ ಜೋಡಣೆಗೊಂಡ ಅದು 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1ರಲ್ಲಿ ಹೊರಟಿತು. ಸೂರ್ಯಬಿಂಬವನ್ನು ತನ್ನೊಳಗೇ ಮರೆಮಾಡಿ ಅದು ಆ ಹಸಿರು ಗೆರೆಯನ್ನು ನೋಡುತ್ತದೆ.

ಇದನ್ನೆಲ್ಲ ಹೇಳಿದಾಗ ನಮ್ಮ ಖಾಲಾ ಕೇಳಿದರು: “ಕಿಟಕಿ ತೆಗೆದಿದ್ರ ಆ ಹಸಿರು ನಮಗೂ ಕಾಣ್ತಿತ್ತೇನು?” ಇಲ್ಲ, ಬರಿಗಣ್ಣಿಗೆ ಕಾಣುವುದು ಬಿಳಿಯ ಪ್ರಭೆ ಮಾತ್ರ, ಬಿಡಿ ಎಲೆಕ್ಟ್ರಾನುಗಳು ಚದುರಿಸಿದ ಸೂರ್ಯನ ಬೆಳಕು ಅದು ಎಂದೆವು. ಖಾಲಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದರೇ ಎಲ್ಲಿ ನೋಡಿದ್ವಿ,” ಅಂದರು.