ತಲೆ ಎಣಿಕೆಯೂ ಮತದ ಬೆಲೆಯೂ

ಅಮೆರಿಕದ ಚುನಾವಣೆ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸು ಶ್ವೇತಭವನದತ್ತ ಓಡುತ್ತದೆ. ಅಧ್ಯಕ್ಷರ ಹೆಸರು ಮನೆಯ ಮಕ್ಕಳಿಗೂ ಗೊತ್ತು. ಆದರೆ ನಮ್ಮ ರಾಜ್ಯದ ಶಾಸನಸಭೆಯಲ್ಲಿ ನಮ್ಮ ಬಡಾವಣೆಯ ಪರವಾಗಿ ಕುಳಿತಿರುವವರು ಯಾರು ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತೇವೆ. ಊರಿನಲ್ಲಿದ್ದಾಗ ಹೀಗಿರಲಿಲ್ಲ. ನಮ್ಮ ಎಂ.ಎಲ್.ಎ. ಯಾರು, ಯಾವ ಪಕ್ಷ, ಹಿಂದಿನ ಸಲ ಎಷ್ಟು ಮತಗಳಿಂದ ಗೆದ್ದರು ಎಂಬುದೆಲ್ಲ ಬೈಟು ಕಾಫಿ ಮುಗಿಯುವುದರೊಳಗೆ ಚರ್ಚೆಯಾಗಿಬಿಡುತ್ತಿತ್ತು. ಇಲ್ಲಿಯೂ ಅಂಥ ಶಾಸಕರಿದ್ದಾರೆ. ಮಕ್ಕಳ ಶಾಲೆಗೆ ರಾಜ್ಯ ಕೊಡುವ ಹಣ, ಡ್ರೈವಿಂಗ್ ಲೈಸೆನ್ಸಿನ ನಿಯಮ, ನಮ್ಮ ವೈದ್ಯ ಮಿತ್ರರು ವೃತ್ತಿ ನಡೆಸಲು ಬೇಕಾದ ಪರವಾನಗಿ ಇವೆಲ್ಲ ತೀರ್ಮಾನವಾಗುವುದು ವಾಷಿಂಗ್ಟನ್ನಿನಲ್ಲಲ್ಲ, ರಾಜ್ಯದ ರಾಜಧಾನಿಯಲ್ಲಿ. ಆ ಶಾಸಕರ ಕ್ಷೇತ್ರಗಳ ಗೆರೆಗಳಿಗೂ ಒಂದು ಚರಿತ್ರೆಯಿದೆ. ಅದನ್ನು ನಾವು ತಿಳಿಯಬೇಕಾದ ಕಾರಣ ಕಡೆಯಲ್ಲಿ ಸ್ಪಷ್ಟವಾದೀತು.

ಈ ದೇಶದಲ್ಲಿ ಬಹಳಷ್ಟು ರಾಜ್ಯಗಳಲ್ಲಿ ಶಾಸಕರ ಕ್ಷೇತ್ರಗಳ ಗಡಿಯನ್ನು ಗುರುತಿಸುವವರು ಶಾಸಕರೇ. ಬೇಲಿಯೇ ಎದ್ದು ಹೊಲ ಮೇಯುವುದಕ್ಕೆ ಇದಕ್ಕಿಂತ ಅನುಕೂಲ ಬೇಕೆ? 1812ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಎಲ್‌ಬ್ರಿಜ್ ಗೆರಿ ತಮ್ಮ ಪಕ್ಷಕ್ಕೆ ಅನುಕೂಲವಾಗುವಂತೆ ರಾಜ್ಯ ಸೆನೆಟ್ ಕ್ಷೇತ್ರಗಳನ್ನು ವಿಂಗಡಿಸಿದ ಕಾಯಿದೆಗೆ ಸಹಿ ಹಾಕಿದರು. ಅದರಲ್ಲಿ ಎಸೆಕ್ಸ್ ಕೌಂಟಿಯ ಒಂದು ಕ್ಷೇತ್ರ ಸೊಟ್ಟ ಸೊಟ್ಟವಾಗಿ ಊರುಗಳನ್ನು ಸುತ್ತಿಕೊಂಡಿತ್ತು. ಬಾಸ್ಟನ್ನಿನ ಪತ್ರಿಕೆಯೊಂದು ಆ ನಕ್ಷೆಗೆ ರೆಕ್ಕೆ, ಉಗುರು, ಕೋರೆಹಲ್ಲು ಬರೆದು, ಹಲ್ಲಿಯಂಥ ಸಾಲಮ್ಯಾಂಡರ್ ಪ್ರಾಣಿಯ ಹೆಸರಿಗೆ ಗವರ್ನರರ ಹೆಸರನ್ನು ಜೋಡಿಸಿ 'ಜೆರಿಮ್ಯಾಂಡರ್' ಎಂದು ಕರೆಯಿತು. ಗೆರಿಯವರು ಮುಂದೆ ದೇಶದ ಉಪಾಧ್ಯಕ್ಷರೂ ಆದರು. ಆದರೆ ಅವರ ಹೆಸರು ಉಳಿದದ್ದು ಈ ಪ್ರಾಣಿಯಿಂದ.

ಗೆರೆಯನ್ನು ಸೊಟ್ಟಗೆ ಎಳೆಯುವುದು ಒಂದು ಬಗೆಯ ಅನ್ಯಾಯ. ಹಳೆಯ ಗೆರೆಯನ್ನು ಮುಟ್ಟದೆ ಸುಮ್ಮನೆ ಕೂರುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಅಲಬಾಮ ರಾಜ್ಯವೇ ಉದಾಹರಣೆ.

ಅಲಬಾಮದ 1901ರ ಸಂವಿಧಾನದ ಪ್ರಕಾರ ಹತ್ತು ವರ್ಷಕ್ಕೊಮ್ಮೆ ಜನಸಂಖ್ಯೆಗೆ ತಕ್ಕಂತೆ ಸ್ಥಾನಗಳನ್ನು ಮರುಹಂಚಿಕೆ ಮಾಡಬೇಕಿತ್ತು. ಅರುವತ್ತು ವರ್ಷ ಆ ಕೆಲಸ ನಡೆಯಲೇ ಇಲ್ಲ. ಈ ನಡುವೆ ಜನ ಹಳ್ಳಿ ಬಿಟ್ಟು ಉಕ್ಕಿನ ಕಾರ್ಖಾನೆಗಳ ಬರ್ಮಿಂಗ್‌ಹ್ಯಾಮ್ ನಗರಕ್ಕೆ, ಬಂದರಿನ ಊರಾದ ಮೊಬೀಲಿಗೆ ಹೋಗಿ ಸೇರಿದರು. 1960ರ ಜನಗಣತಿಯ ವೇಳೆಗೆ ಬರ್ಮಿಂಗ್‌ಹ್ಯಾಮ್ ಇರುವ ಜೆಫರ್ಸನ್ ಕೌಂಟಿಯಲ್ಲಿ 6,34,864 ಜನರಿದ್ದರು. ಅವರಿಗೆ ರಾಜ್ಯ ಸೆನೆಟಿನಲ್ಲಿ ಒಬ್ಬ ಪ್ರತಿನಿಧಿ. ಹತ್ತಿ ಬೆಳೆಯುವ ಲೌಂಡ್ಸ್ ಕೌಂಟಿಯಲ್ಲಿ 15,417 ಜನ. ಅವರಿಗೂ ಒಬ್ಬ ಪ್ರತಿನಿಧಿ! ಕೆಳಮನೆಯಲ್ಲಿ 13,462 ಜನರ ಬುಲಕ್ ಕೌಂಟಿಗೆ ಎರಡು ಸ್ಥಾನ, 3,14,301 ಜನರ ಮೊಬೀಲ್ ಕೌಂಟಿಗೆ ಮೂರು. ರಾಜ್ಯದ ಕಾಲು ಭಾಗದಷ್ಟು ಜನ ವಾಸವಾಗಿದ್ದ ಪ್ರದೇಶಗಳಿಂದಲೇ ಎರಡೂ ಮನೆಗಳಲ್ಲಿ ಬಹುಮತ ದೊರೆಯುತ್ತಿತ್ತು.

ಹಾಗಾದರೆ ಲೌಂಡ್ಸ್ ಕೌಂಟಿಯ ಜನ ಭಾಗ್ಯವಂತರೆ? ಇಲ್ಲಿಯೇ ವಿಷಯದ ಮರ್ಮವಿರುವುದು. ಅಲ್ಲಿ ಐವರಲ್ಲಿ ನಾಲ್ವರು ಕಪ್ಪು ವರ್ಣೀಯರು, ಹೆಚ್ಚಿನವರು ಬಡ ರೈತರು ಮತ್ತು ಕೂಲಿಗಳು. 1965ರ ಆರಂಭದಲ್ಲಿ ಅವರ ಪೈಕಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಮತ ಹಾಕಲು ತೆರಿಗೆ, ಓದುಬರಹದ ಪರೀಕ್ಷೆ, ಇವುಗಳನ್ನು ದಾಟಿದರೆ ಬೆದರಿಕೆ. ಎಣಿಸುವಾಗ ಅವರ ತಲೆಗಳು ಲೆಕ್ಕಕ್ಕೆ ಬಂದವು. ಆ ಲೆಕ್ಕದ ಬಲದಿಂದ ಸ್ಥಾನ ಉಳಿಯಿತು. ಸ್ಥಾನವನ್ನು ಅನುಭವಿಸಿದವರು ಮಾತ್ರ ಬೆರಳೆಣಿಕೆಯ ಬಿಳಿಯ ಜಮೀನುದಾರರು ಮತ್ತು ಅವರ ಕಡೆಯವರು.

ಇದನ್ನು ಸರಿಪಡಿಸಬೇಕಾದವರು ಅದೇ ಶಾಸಕರು. ತಾವು ಕುಳಿತ ಕೊಂಬೆಯನ್ನು ತಾವೇ ಕಡಿಯುವವರುಂಟೆ? ನ್ಯಾಯಾಲಯಕ್ಕೆ ಹೋದರೆ, ಇದು ರಾಜಕೀಯದ ವಿಷಯ, ನಾವು ಕೈಹಾಕುವುದಿಲ್ಲ ಎಂಬ ಧೋರಣೆಯನ್ನು ಸುಪ್ರೀಂ ಕೋರ್ಟು 1946ರಲ್ಲಿ ತಳೆದಿತ್ತು. 1962ರಲ್ಲಿ ಟೆನೆಸ್ಸಿ ರಾಜ್ಯದ ಮೊಕದ್ದಮೆಯೊಂದರಲ್ಲಿ ಆ ಬಾಗಿಲು ತೆರೆಯಿತು. ಇಂಥ ದೂರನ್ನು ಕೋರ್ಟುಗಳು ಕೇಳಬಹುದು ಎಂದಾಯಿತು. ಅಷ್ಟರಲ್ಲಿ ಜೆಫರ್ಸನ್ ಕೌಂಟಿಯ ಮತದಾರರೂ ದಾವೆ ಹೂಡಿದ್ದರು. ಅವರ ಪರ ವಾದಿಸಿದವರು ಬರ್ಮಿಂಗ್‌ಹ್ಯಾಮಿನ ಬಿಳಿಯ ವಕೀಲ ಚಾರ್ಲ್ಸ್ ಮಾರ್ಗನ್. 1963ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಚರ್ಚೊಂದರಲ್ಲಿ ಬಾಂಬು ಸಿಡಿದು ನಾಲ್ವರು ಕಪ್ಪು ಬಾಲಕಿಯರು ಸತ್ತಾಗ, ಈ ಪಾಪದಲ್ಲಿ ನಮಗೆಲ್ಲರಿಗೂ ಪಾಲಿದೆ ಎಂದು ತಮ್ಮವರೆದುರೇ ಹೇಳಿದ್ದಕ್ಕಾಗಿ ಅವರು ಊರನ್ನೇ ಬಿಡಬೇಕಾಯಿತು.

1964ರ ಜೂನ್ 15ರಂದು ಸುಪ್ರೀಂ ಕೋರ್ಟು 8-1 ಬಹುಮತದಿಂದ ತೀರ್ಪು ಕೊಟ್ಟಿತು. ರಾಜ್ಯ ಶಾಸನಸಭೆಯ ಎರಡೂ ಮನೆಗಳ ಕ್ಷೇತ್ರಗಳಲ್ಲಿ ಜನಸಂಖ್ಯೆ ಸಾಧ್ಯವಾದಷ್ಟು ಸಮನಾಗಿರಬೇಕು. ಶಾಸಕರು ಪ್ರತಿನಿಧಿಸುವುದು ಜನರನ್ನೇ ಹೊರತು ಮರಗಿಡಗಳನ್ನೂ ಎಕರೆಗಳನ್ನೂ ಅಲ್ಲ ಎಂಬುದು ಅದರ ಸಾರ. ಬರೆದವರು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್. ಸ್ವಾರಸ್ಯವೆಂದರೆ, ಹಿಂದೆ ಕ್ಯಾಲಿಫೋರ್ನಿಯದ ಗವರ್ನರಾಗಿದ್ದಾಗ, 1948ರಲ್ಲಿ, ಇಂಥದೇ ಅಸಮತೆಯನ್ನು ಅವರೇ ಸಮರ್ಥಿಸಿದ್ದರು. ಆ ರಾಜ್ಯದಲ್ಲಿ 1960ರ ವೇಳೆಗೆ 60 ಲಕ್ಷ ಜನರ ಲಾಸ್ ಏಂಜಲೀಸ್ ಕೌಂಟಿಗೆ ಒಬ್ಬ ರಾಜ್ಯ ಸೆನೆಟರ್, ಬೆಟ್ಟಸೀಮೆಯ ಸುಮಾರು 14 ಸಾವಿರ ಜನರಿಗೂ ಒಬ್ಬರು! ತೀರ್ಪು ಬಂದ ಮೇಲೆ ದೇಶದ ಉದ್ದಗಲಕ್ಕೂ ನಕ್ಷೆಗಳು ಬದಲಾದವು.

ನಮ್ಮೂರೂ ಈ ರೋಗಕ್ಕೆ ಹೊರತಲ್ಲ. 1971ರ ಜನಗಣತಿಯನ್ನು ಆಧರಿಸಿ ಎಳೆದ ಗೆರೆಗಳಲ್ಲೇ ಕರ್ನಾಟಕದಲ್ಲಿ 1978ರಿಂದ 2004ರವರೆಗೆ ಏಳು ವಿಧಾನಸಭಾ ಚುನಾವಣೆಗಳು ನಡೆದವು. ಬೆಂಗಳೂರು ಬೆಳೆದಂತೆ ಅಂಚಿನ ಉತ್ತರಹಳ್ಳಿ ಕ್ಷೇತ್ರ ಲಕ್ಷ ಲಕ್ಷ ಮತದಾರರಿಂದ ಉಬ್ಬಿಹೋಗಿತ್ತು. 2008ರಲ್ಲಿ ಹೊಸ ವಿಂಗಡಣೆ ಜಾರಿಗೆ ಬಂದು 224 ಸ್ಥಾನಗಳಲ್ಲಿ 28 ಬೆಂಗಳೂರು ನಗರ ಜಿಲ್ಲೆಗೆ ಸೇರಿದವು. ಒಂದು ವ್ಯತ್ಯಾಸವುಂಟು. ನಮ್ಮಲ್ಲಿ ಗೆರೆ ಎಳೆಯುವುದು ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯ ಆಯೋಗ. ಇಲ್ಲಿಯೂ ಅರಿಜೋನ, ಕ್ಯಾಲಿಫೋರ್ನಿಯ, ಮಿಷಿಗನ್ ರಾಜ್ಯಗಳ ಮತದಾರರು ರಾಜ್ಯ ಶಾಸನಸಭೆಯ ಕ್ಷೇತ್ರಗಳ ಕೆಲಸವನ್ನು ಶಾಸಕರ ಕೈಯಿಂದ ತೆಗೆದು ಆಯೋಗಗಳಿಗೆ ವಹಿಸಿದ್ದಾರೆ.

ಮತ್ತೆ ಲೌಂಡ್ಸ್ ಕೌಂಟಿಗೆ ಬರೋಣ. ಗೆರೆ ಸರಿಯಾದ ಮಾತ್ರಕ್ಕೆ ಅಲ್ಲಿಯ ಕೂಲಿಯವನಿಗೆ ಮತ ಸಿಗಲಿಲ್ಲ. ಅದಕ್ಕೆ 1965ರ ಮತದಾನ ಹಕ್ಕಿನ ಕಾಯಿದೆ ಬೇಕಾಯಿತು, ಜೀವದ ಹಂಗು ತೊರೆದು ಹೆಸರು ನೋಂದಾಯಿಸಿದ ಜನ ಬೇಕಾಯಿತು. 1966ರಲ್ಲಿ ಅವರು ತಮ್ಮದೇ ಪಕ್ಷ ಕಟ್ಟಿದರು. ಓದು ಬಾರದವರಿಗಾಗಿ ಮತಪತ್ರದಲ್ಲಿ ಚಿಹ್ನೆ ಇರಬೇಕಿತ್ತು. ಜೋಡೆತ್ತು, ಹಸು-ಕರು ನೋಡಿ ಬೆಳೆದ ನಮಗೆ ಇದು ಹೊಸದಲ್ಲ. ಎದುರು ಪಕ್ಷದ ಗುರುತು ಹುಂಜ, ಇವರದು ಕರಿಚಿರತೆ. ಆ ವರ್ಷ ಸೋತರು. 1970ರಲ್ಲಿ ಅವರ ನಾಯಕ ಜಾನ್ ಹ್ಯೂಲೆಟ್ ಕೌಂಟಿಯ ಷೆರೀಫರಾಗಿ ಗೆದ್ದರು. ಅದೇ ವರ್ಷ ಫ್ರೆಡ್ ಗ್ರೇ ಮತ್ತು ಥಾಮಸ್ ರೀಡ್ ಅಲಬಾಮದ ಕೆಳಮನೆಗೆ ಆಯ್ಕೆಯಾದರು. ಅಂತರ್ಯುದ್ಧದ ನಂತರದ ಕೆಲವು ವರ್ಷಗಳನ್ನು ಬಿಟ್ಟರೆ ಅಲ್ಲಿ ಕುಳಿತ ಮೊದಲ ಕಪ್ಪು ಶಾಸಕರು ಇವರೇ.

ಇದಕ್ಕೂ ನಮಗೂ ಏನು ಸಂಬಂಧ ಎನ್ನಬಹುದು. ಟೆಕ್ಸಾಸಿನ ಇಬ್ಬರು ಮತದಾರರು, ರಾಜ್ಯ ಸೆನೆಟ್ ಕ್ಷೇತ್ರಗಳನ್ನು ವಿಂಗಡಿಸುವಾಗ ಮತದಾನಕ್ಕೆ ಅರ್ಹರಾದವರನ್ನು ಮಾತ್ರ ಎಣಿಸಬೇಕು ಎಂದು ಮೊಕದ್ದಮೆ ಹೂಡಿದ್ದರು. 2016ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ರಾಜ್ಯಗಳು ತಮ್ಮಲ್ಲಿ ವಾಸವಾಗಿರುವ ಎಲ್ಲರನ್ನೂ ಎಣಿಸಬಹುದು ಎಂದಿತು. ಹಾಗೆ ಎಣಿಸಲೇಬೇಕೆ ಎಂಬ ಪ್ರಶ್ನೆಯನ್ನು ಮಾತ್ರ ತೀರ್ಮಾನಿಸದೆ ಬಿಟ್ಟಿತು. ಅಂದರೆ ಎಚ್-1 ವೀಸಾದವರೂ, ಗ್ರೀನ್ ಕಾರ್ಡಿನವರೂ, ತೊಟ್ಟಿಲ ಮಗುವೂ ಕ್ಷೇತ್ರದ ಲೆಕ್ಕದಲ್ಲಿ ಸೇರುತ್ತಾರೆ. ಮತ ಹಾಕುವವರು ಮಾತ್ರ ವಯಸ್ಸಿಗೆ ಬಂದ ಪೌರರು. ಲೌಂಡ್ಸ್ ಕೌಂಟಿಯವರ ಮೇಲೆ ನಡೆದದ್ದು ದೌರ್ಜನ್ಯ. ನಮ್ಮ ಪರಿಸ್ಥಿತಿಯನ್ನು ಅದಕ್ಕೆ ಹೋಲಿಸುವುದು ಸಲ್ಲದು. ಆದರೆ ಲೆಕ್ಕದಲ್ಲಿದ್ದು ದನಿಯಿಲ್ಲದಿದ್ದರೆ ನಮ್ಮ ಪಾಲಿನ ಬಲವೂ ಬೇರೆಯವರ ಕೈಗೆ ಹೋಗುತ್ತದೆ ಎಂಬ ಅಲ್ಲಿಯ ಪಾಠ ನಮಗೂ ಅನ್ವಯಿಸುತ್ತದೆ. ವ್ಯತ್ಯಾಸವೆಂದರೆ, ನಮ್ಮನ್ನು ಯಾರೂ ತಡೆದಿಲ್ಲ. ಪೌರತ್ವ ಪಡೆದು ವರ್ಷಗಳಾದರೂ ನೋಂದಾಯಿಸದವರು ನಮ್ಮ ನಡುವೆಯೇ ಇದ್ದಾರೆ.

ಒಂದು ಮತದಿಂದ ಏನಾದೀತು ಎನ್ನುವವರು ವರ್ಜೀನಿಯದ ಕಥೆ ಕೇಳಬೇಕು. 2017ರಲ್ಲಿ ಅಲ್ಲಿಯ ಕೆಳಮನೆಯ 94ನೆಯ ಕ್ಷೇತ್ರದಲ್ಲಿ ಇಬ್ಬರು ಅಭ್ಯರ್ಥಿಗಳಿಗೂ ತಲಾ 11,608 ಮತಗಳು ಬಂದವು. 2018ರ ಜನವರಿಯಲ್ಲಿ ಒಂದು ಬೋಗುಣಿಯಿಂದ ಚೀಟಿ ಎತ್ತಿ ಗೆದ್ದವರನ್ನು ತೀರ್ಮಾನಿಸಿದರು. ಆ ಚೀಟಿಯ ಮೇಲೆ ಇಡೀ ಸಭೆಯ ಬಹುಮತ ನಿಂತಿತ್ತು.

ಮುಂದಿನ ಜನಗಣತಿ 2030ಕ್ಕೆ. ಆಮೇಲೆ ಮತ್ತೆ ಗೆರೆಗಳು ಬದಲಾಗುತ್ತವೆ, ಅನೇಕ ರಾಜ್ಯಗಳಲ್ಲಿ ಸಾರ್ವಜನಿಕ ಸಭೆಗಳೂ ನಡೆಯುತ್ತವೆ. ಅಲ್ಲಿ ಮಾತನಾಡಲು, ಶಾಸಕರಿಗೆ ಕಾಗದ ಬರೆಯಲು ಪೌರತ್ವವೂ ಬೇಕಿಲ್ಲ. ಜನಗಣತಿಯ ಫಾರಂ ಬಂದಾಗ ಮನೆಯವರೆಲ್ಲರ ಹೆಸರನ್ನೂ ತುಂಬೋಣ. ಮತದ ಹಕ್ಕಿರುವವರು ನವೆಂಬರಿನಲ್ಲಿ ಮತಪತ್ರದ ಕೆಳಗಿನ ಸಾಲುಗಳನ್ನೂ ಓದಿ ಮತ ಹಾಕೋಣ. ಅದಕ್ಕೆ ಮೊದಲು, ನಮ್ಮ ಕ್ಷೇತ್ರದ ಸಂಖ್ಯೆ ಯಾವುದು, ಶಾಸಕರು ಯಾರು ಎಂಬುದನ್ನಾದರೂ ಈ ವಾರ ತಿಳಿದುಕೊಳ್ಳೋಣ.