ಸಭ್ಯತೆಯ ಮುಖವಾಡ: ‘ಸಹಜ’ ವರ್ತನೆ ಎಂದರೆ ಯಾವುದು?

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಬಸ್ಸುಗಳು ಬಂದು ನಿಲ್ಲುವ ಊರು ಹಾಸನ. 2009ರ ಜೂನ್‌ನಲ್ಲಿ ಇಲ್ಲಿನ ಬಸ್ ನಿಲ್ದಾಣದ ಶೌಚಾಲಯದಲ್ಲಿ ದಕ್ಷಿಣ ಕನ್ನಡದ ಯುವತಿಯೊಬ್ಬಳು ಸೈನೈಡ್‌ಗೆ ಬಲಿಯಾದಳು. ಅದೇ ಅಕ್ಟೋಬರ್‌ನಲ್ಲಿ ಸೆರೆಸಿಕ್ಕ ಮೋಹನ್ ಕುಮಾರ್, ಪ್ರಾಥಮಿಕ ಶಾಲೆಯ ಮಾಜಿ ಶಿಕ್ಷಕ. ಮದುವೆಯಾಗುವುದಾಗಿ ನಂಬಿಸಿ, ಗರ್ಭನಿರೋಧಕ ಮಾತ್ರೆಯೆಂದು ವಿಷ ಕೊಟ್ಟು, ಒಡವೆಗಳೊಂದಿಗೆ ಮಾಯವಾಗುವುದು ಅವನ ಕ್ರಮವಾಗಿತ್ತು. 20 ಮಹಿಳೆಯರನ್ನು ಕೊಂದ ಆರೋಪ ಅವನ ಮೇಲಿತ್ತು. 2013ರಲ್ಲಿ ಮಂಗಳೂರಿನ ನ್ಯಾಯಾಲಯ ಮರಣದಂಡನೆ ವಿಧಿಸಿತು. ಹಾಸನದ ಪ್ರಕರಣದಲ್ಲಿ ಹೈಕೋರ್ಟ್ 2017ರಲ್ಲಿ ಅದನ್ನು ಜೀವಾವಧಿ ಸೆರೆವಾಸಕ್ಕೆ ಇಳಿಸಿತು.

ಇಂಥವರನ್ನು ಜನ ‘ಸೈಕೋ’ ಎಂದುಬಿಡುತ್ತಾರೆ. ಆದರೆ ವೈದ್ಯರಿಗೆ ಈ ಮಾತು ಅಷ್ಟು ಸಲೀಸಲ್ಲ. ಬುದ್ಧಿ ನೆಟ್ಟಗಿದ್ದೂ ಕ್ರೌರ್ಯವೆಸಗುವವರನ್ನು ಫ್ರಾನ್ಸಿನ ಪಿನೆಲ್ 1801ರಲ್ಲಿ ‘ಭ್ರಮೆಯಿಲ್ಲದ ಉನ್ಮಾದ’ ಎಂಬ ಗುಂಪಿಗೆ ಸೇರಿಸಿದರು. ಇಂಗ್ಲೆಂಡಿನ ಪ್ರಿಚರ್ಡ್ 1835ರಲ್ಲಿ ‘ನೈತಿಕ ಹುಚ್ಚು’ ಎಂದರು. ಅಮೆರಿಕದ ಕ್ಲೆಕ್ಲಿ 1941ರ ತಮ್ಮ ಪುಸ್ತಕಕ್ಕೆ ಸ್ವಸ್ಥತೆಯ ಮುಖವಾಡ ಎಂಬರ್ಥದ ಹೆಸರಿಟ್ಟರು: ಮಾತಿನಲ್ಲಿ ನಯ, ಮನದಲ್ಲಿ ಪಶ್ಚಾತ್ತಾಪದ ಸುಳಿವೂ ಇಲ್ಲ. ಕೆನಡಾದ ಹೇರ್ 20 ಲಕ್ಷಣಗಳ, 40 ಅಂಕಗಳ ಅಳತೆಪಟ್ಟಿ ರೂಪಿಸಿದರು. ಹಾಗಿದ್ದೂ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ ‘ಸೈಕೋಪಾತ್’ ಎಂಬ ಪ್ರತ್ಯೇಕ ರೋಗವಿಲ್ಲ. ಇರುವುದು ‘ಸಮಾಜವಿರೋಧಿ ವ್ಯಕ್ತಿತ್ವ ದೋಷ’.

ಗೆರೆ ಎಳೆಯುವಾಗ ವೈದ್ಯಶಾಸ್ತ್ರವೂ ಎಡವಿದೆ. 1851ರಲ್ಲಿ ಕಾರ್ಟ್‌ರೈಟ್ ಎಂಬ ಅಮೆರಿಕದ ವೈದ್ಯ, ಗುಲಾಮರು ಓಡಿಹೋಗುವುದನ್ನೇ ರೋಗವೆಂದ. ಸಲಿಂಗಕಾಮವನ್ನು ಅಮೆರಿಕದ ಮನೋವೈದ್ಯರು ರೋಗಗಳ ಪಟ್ಟಿಯಿಂದ ಕೈಬಿಟ್ಟದ್ದು 1973ರಲ್ಲಿ. ಸಮಾಜಕ್ಕೆ ಒಗ್ಗದ್ದೆಲ್ಲ ರೋಗವಾದರೆ ಹೀಗೇ ಆಗುತ್ತದೆ.

ಕಾನೂನಿನ ಪ್ರಶ್ನೆ ಬೇರೆ. 1860ರ ದಂಡ ಸಂಹಿತೆಯ 84ನೇ ಕಲಮು, ಈಗ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು, ಕೇಳುವುದಿಷ್ಟೇ: ಮನೋವೈಕಲ್ಯದಿಂದಾಗಿ ತಾನು ಮಾಡುತ್ತಿರುವುದೇನು, ಅದು ತಪ್ಪೇ ಎಂಬ ಅರಿವು ಆರೋಪಿಗೆ ಇಲ್ಲವಾಗಿತ್ತೇ? ಯೋಜನೆ ಹಾಕಿ, ಹೆಸರು ಬದಲಿಸಿ, ಒಡವೆ ಅಡವಿಡುವವನಿಗೆ ಈ ರಿಯಾಯಿತಿ ದೊರೆಯುವುದು ಕಷ್ಟ. ಕರುಣೆ ಇಲ್ಲದಿರುವುದು ಬೇರೆ, ಅರಿವು ಇಲ್ಲದಿರುವುದು ಬೇರೆ.

ಮೋಹನ್ ವರ್ಷಗಟ್ಟಲೆ ಸಿಕ್ಕಿಬೀಳದಿರಲು ಅವನ ಜಾಣತನವೊಂದೇ ಕಾರಣವಲ್ಲ. ಬೇರೆ ಬೇರೆ ಊರುಗಳ ನಿಲ್ದಾಣಗಳಲ್ಲಿ, ಚಿಲಕ ಹಾಕಿದ ಶೌಚಾಲಯಗಳಲ್ಲಿ ಹೆಂಗಸರ ಶವ ಸಿಕ್ಕಾಗ ಹಲವು ಸಾವುಗಳು ಆತ್ಮಹತ್ಯೆಯ ಲೆಕ್ಕಕ್ಕೆ ಸೇರಿದವು. ಬಲಿಯಾದವರಲ್ಲಿ ಹೆಚ್ಚಿನವರು ಬಡ ಮನೆಗಳ ಅವಿವಾಹಿತೆಯರು. ವರದಕ್ಷಿಣೆ ಕೇಳದ ಗಂಡು ಸಿಕ್ಕನೆಂಬ ಆಸೆ ಅವರನ್ನು ಮನೆಬಿಡಿಸಿತ್ತು. ಹೆಣ್ಣು ಮದುವೆಯಾಗದಿರುವುದು ಅಸಹಜ, ಅಪರಿಚಿತೆಯ ಸಾವು ಸಹಜ ಎಂದು ಭಾವಿಸಿದ್ದು ಅವನಲ್ಲ, ಸಮಾಜ.